ಅಣ್ಣ ಅಳುವುದಿಲ್ಲ, ದುಃಖವಿಲ್ಲ ಎನ್ನುತ್ತಾನೆ. ಆದರೂ ಇದು ಖಿನ್ನತೆಯೇ?

ಕಿರಿಯವಳು

ನಮಸ್ಕಾರ. ಇಲ್ಲಿ ಬಹಳ ದಿನಗಳಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನ್ನ ಅಣ್ಣನಿಗೆ 41 ವರ್ಷ. ಹಳೆಯ ರೇಡಿಯೊಗಳನ್ನು ರಿಪೇರಿ ಮಾಡುವುದೆಂದರೆ ಅವನಿಗೆ ಪ್ರಾಣ. ಕೆಲಸದಿಂದ ಬಂದವನು ಕೈಕಾಲು ತೊಳೆದು ನೇರವಾಗಿ ತನ್ನ ಮೇಜಿನ ಮುಂದೆ ಕೂರುತ್ತಿದ್ದ. ಇಪ್ಪತ್ತು ವರ್ಷ ಮೂಕವಾಗಿದ್ದ ಪೆಟ್ಟಿಗೆಯೊಂದು ಗೊರಗೊರ ಎಂದು ದನಿ ತೆಗೆದರೆ ಮನೆಯವರನ್ನೆಲ್ಲ ಕೂಗಿ ಕರೆದು ಕೇಳಿಸುತ್ತಿದ್ದ. ಈಗ ಎರಡೂವರೆ ತಿಂಗಳಿಂದ ಒಂದು ರೇಡಿಯೊ ಹೊಟ್ಟೆ ಬಿಚ್ಚಿಕೊಂಡು ಅದೇ ಮೇಜಿನ ಮೇಲೆ ಬಿದ್ದಿದೆ. ತಿರುಪುಗಳು ಡಬ್ಬಿಯ ಮುಚ್ಚಳದಲ್ಲಿ ಧೂಳು ಹಿಡಿದು ಕುಳಿತಿವೆ.

ಕೇಳಿದರೆ "ಏನಿಲ್ಲ, ಸುಸ್ತು" ಎನ್ನುತ್ತಾನೆ. ಬೆಳಗಿನ ಜಾವ ಮೂರೂವರೆಗೆ ಎಚ್ಚರವಾಗಿ ಹಾಸಿಗೆಯ ಅಂಚಿನಲ್ಲಿ ಕುಳಿತಿರುತ್ತಾನಂತೆ. ಬೆಳಿಗ್ಗೆ ಮುಖ ನೋಡಲಾಗುವುದಿಲ್ಲ. ಸಂಜೆಯ ಹೊತ್ತಿಗೆ ನಾಲ್ಕು ಮಾತಾಡುತ್ತಾನೆ, ಆಗ ನಾವೆಲ್ಲ ಸರಿಹೋದ ಎಂದುಕೊಳ್ಳುತ್ತೇವೆ. ಬೆಲ್ಟಿಗೆ ಹೊಸದಾಗಿ ಎರಡು ತೂತು ಮಾಡಿಕೊಂಡಿದ್ದಾನೆ. ಬೆನ್ನುನೋವು, ತಲೆಭಾರ ಎಂದು ಇಬ್ಬರು ವೈದ್ಯರ ಬಳಿ ಹೋಗಿ ನೋವಿನ ಮಾತ್ರೆ ತಂದಿದ್ದಾನೆ. ಅತ್ತಿಗೆಗೆ ತನ್ನನ್ನು ದೂರ ಮಾಡುತ್ತಿದ್ದಾನೆ ಎಂಬ ನೋವು. ಅಪ್ಪ ಸೋಮಾರಿತನ ಎನ್ನುತ್ತಾರೆ.

ಆದರೆ ಅವನು ಅಳುವುದಿಲ್ಲ. ದುಃಖವೇ ಎಂದರೆ ಇಲ್ಲ ಎನ್ನುತ್ತಾನೆ. ಮನೆಯಲ್ಲಿ ಸಾವು, ಸಾಲ, ಜಗಳ ಯಾವುದೂ ಆಗಿಲ್ಲ. ಕಾರಣವೇ ಇಲ್ಲದೆ ಖಿನ್ನತೆ ಬರುತ್ತದೆಯೇ?

ವಾರ್ಡಿನ ದಾದಿ

ಮನೋವೈದ್ಯಕೀಯ ವಿಭಾಗದಲ್ಲಿ 19 ವರ್ಷಗಳಿಂದ ಶುಶ್ರೂಷಕಿಯಾಗಿದ್ದೇನೆ. ಕಾಣದ ವ್ಯಕ್ತಿಗೆ ಇಲ್ಲಿಂದ ರೋಗದ ಹೆಸರು ಹೇಳಲಾರೆ, ಹೇಳಬಾರದು. ಆದರೆ ತಂಗಿ, ನೀವು ಬರೆದದ್ದರಲ್ಲಿ ನನ್ನ ಕಣ್ಣು ನಿಂತದ್ದು ಆ ಧೂಳು ಹಿಡಿದ ತಿರುಪುಗಳ ಮೇಲೆ.

ಖಿನ್ನತೆ ಎಂದರೆ ಅಳು, ಕಣ್ಣೀರು ಎಂದೇ ಬಹುತೇಕರ ಕಲ್ಪನೆ. ವೈದ್ಯರು ಬಳಸುವ ಮಾನದಂಡದಲ್ಲಿ ಎರಡು ಬಾಗಿಲುಗಳಿವೆ. ಒಂದು, ದಿನದ ಹೆಚ್ಚಿನ ಹೊತ್ತು ಕುಗ್ಗಿದ ಮನಸ್ಸು. ಇನ್ನೊಂದು, ಮೊದಲು ಇಷ್ಟವಿದ್ದದ್ದರಲ್ಲಿ ಆಸಕ್ತಿಯೂ ಸಂತೋಷವೂ ಇಲ್ಲವಾಗುವುದು. ಎರಡರಲ್ಲಿ ಒಂದಿದ್ದರೂ ಸಾಕು, ಎರಡೂ ಬೇಕೆಂದಿಲ್ಲ. ಅದರ ಜೊತೆಗೆ ನಿದ್ದೆ ಕೆಡುವುದು ಅಥವಾ ಅತಿಯಾಗುವುದು, ಹಸಿವು ಮತ್ತು ತೂಕದ ಏರುಪೇರು, ದಣಿವು, ಗಮನ ನಿಲ್ಲದಿರುವುದು, ಚಿಕ್ಕದನ್ನೂ ನಿರ್ಧರಿಸಲಾಗದಿರುವುದು, ಮೈಯ ಚಲನೆ, ಮಾತು ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ, ತಾನು ಯಾರಿಗೂ ಬೇಡದವನು ಎಂಬ ಭಾವ, ಮಾಡದ ತಪ್ಪಿನ ಹೊರೆ, ಸಾವಿನ ಯೋಚನೆ. ಒಟ್ಟು ಒಂಬತ್ತರಲ್ಲಿ ಐದು ಅಥವಾ ಹೆಚ್ಚು ಲಕ್ಷಣಗಳು, ಹೆಚ್ಚುಕಡಿಮೆ ಪ್ರತಿದಿನ, ಕನಿಷ್ಠ ಎರಡು ವಾರ ಇರಬೇಕು. ಅವುಗಳಿಂದ ಬದುಕು ನಡೆಯುವ ರೀತಿಗೆ ಪೆಟ್ಟು ಬಿದ್ದಿರಬೇಕು.

ಬೆಳಗಿನ ಜಾವದ ಎಚ್ಚರ, ಬೆಳಿಗ್ಗೆ ಅತಿ ಕೆಟ್ಟು ಸಂಜೆಗೆ ತುಸು ಹಗುರಾಗುವುದು: ಇದನ್ನು ವಾರ್ಡಿನಲ್ಲಿ ನಾವು ಬಹಳ ಸಲ ಕಾಣುತ್ತೇವೆ. ಸಂಜೆ ಮಾತಾಡಿದನೆಂದು ಬೆಳಗಿನದು ನಾಟಕವಾಗುವುದಿಲ್ಲ.

ಕಾರಣ ಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ. ನಷ್ಟ, ಒತ್ತಡ, ಒಂಟಿತನ ಅನೇಕರಲ್ಲಿ ಇದನ್ನು ಹೊತ್ತಿಸುತ್ತವೆ, ನಿಜ. ಅವಳಿಗಳ ಮೇಲಿನ ಅಧ್ಯಯನಗಳು ಆನುವಂಶಿಕತೆಯ ಪಾಲನ್ನು ಶೇಕಡಾ 35ರಿಂದ 40ರಷ್ಟು ಎನ್ನುತ್ತವೆ. ಉಳಿದದ್ದು ಬಾಲ್ಯ, ದೇಹಸ್ಥಿತಿ, ಬದುಕಿನ ಪೆಟ್ಟುಗಳು. ಕಣ್ಣಿಗೆ ಕಾಣುವ ಕಾರಣವಿಲ್ಲದವರು ಒಂದು ಶಿಕ್ಷೆಯನ್ನು ಹೆಚ್ಚು ಅನುಭವಿಸುತ್ತಾರೆ. "ಎಲ್ಲ ಇದ್ದೂ ನಾನೇಕೆ ಹೀಗೆ" ಎಂಬ ನಾಚಿಕೆ. ನಿಮ್ಮಣ್ಣನ "ಏನಿಲ್ಲ" ಎಂಬ ಮಾತಿನಲ್ಲಿ ಅದೂ ಇರಬಹುದು.

ಮರಳಿ ಬಂದವನು

ನನಗೆ ಎರಡು ಸಲ ಬಂದಿತ್ತು. ಹೊರಗಿನಿಂದ ಕಾಣದ್ದನ್ನು ಹೇಳಲು ಪ್ರಯತ್ನಿಸುತ್ತೇನೆ.

ನನ್ನ ಮಗಳು ಹಾಡುತ್ತಾಳೆ. ಆ ದಿನಗಳಲ್ಲಿ ಒಂದು ಸಂಜೆ ಅವಳು ಎದುರಿಗೆ ಕೂತು ಹಾಡಿದಳು. ಚೆನ್ನಾಗಿ ಹಾಡುತ್ತಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿತ್ತು ಅಷ್ಟೇ. ದಪ್ಪ ಗಾಜಿನ ಆಚೆಗೆ ಯಾರೋ ಬಾಯಿ ಆಡಿಸಿದ ಹಾಗೆ. ಹಾಡು ಮುಗಿದ ಮೇಲೆ ಮುಖದಲ್ಲಿ ಸಂತೋಷ ತಂದುಕೊಳ್ಳಬೇಕಲ್ಲ ಎಂದು ಯೋಚಿಸಿ, ತಂದುಕೊಂಡೆ. ಆ ರಾತ್ರಿ ನಾನು ಎಂಥ ತಂದೆ ಎಂದು ಬೆಳಗಾಗುವ ತನಕ ನನ್ನನ್ನೇ ಹಳಿದುಕೊಂಡೆ. ದುಃಖ ಬಂದಿದ್ದರೆ ನೆಮ್ಮದಿಯಾಗುತ್ತಿತ್ತು. ಏನೂ ಬರಲಿಲ್ಲ.

ಯಾವ ಅಂಗಿ ತೊಡುವುದು ಎಂದು ಕಪಾಟಿನ ಮುಂದೆ ಅರ್ಧ ಗಂಟೆ ನಿಂತದ್ದಿದೆ. ಫೋನ್ ಹೊಡೆದುಕೊಂಡರೆ ಎದೆ ಝಲ್ಲೆನ್ನುತ್ತಿತ್ತು, ಎತ್ತುತ್ತಿರಲಿಲ್ಲ. ಕಚೇರಿಯಲ್ಲಿ ಮಾತ್ರ ನಗುತ್ತಿದ್ದೆ. ಅಲ್ಲಿ ಎಂಟು ಗಂಟೆ ನಕ್ಕು ಮನೆಗೆ ಬರುವ ಹೊತ್ತಿಗೆ ಚಪ್ಪಲಿ ಬಿಡಲೂ ಶಕ್ತಿ ಉಳಿಯುತ್ತಿರಲಿಲ್ಲ. ಮನೆಯವರಿಗೆ ಕಂಡದ್ದು "ಹೊರಗೆ ಚೆನ್ನಾಗಿರುತ್ತಾನೆ, ನಮ್ಮ ಮುಂದೆ ಮಾತ್ರ ಹೀಗೆ" ಎಂಬುದು. ನಿಮ್ಮ ಅತ್ತಿಗೆಯವರಿಗೆ ದಯವಿಟ್ಟು ಇದನ್ನು ಓದಿ ಹೇಳಿ.

"ಮನಸ್ಸು ಗಟ್ಟಿ ಮಾಡಿಕೋ" ಎಂದು ಹೇಳದವರಿಲ್ಲ. ಪ್ರೀತಿಯಿಂದಲೇ ಹೇಳಿದರು. ಗಟ್ಟಿ ಮಾಡಿಕೊಳ್ಳಬೇಕಾದ ಮನಸ್ಸಿಗೇ ಕಾಯಿಲೆ ಬಂದಿತ್ತು.

ಹಿರಿಯ ಓದುಗ

ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ನನಗಿಲ್ಲ. ಆದರೆ ಒಂದು ಆತಂಕವನ್ನು ಹೇಳಲೇಬೇಕು.

ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಎಷ್ಟೋ ತಿಂಗಳು ನನಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ, ಯಾವುದೂ ಬೇಕೆನಿಸಲಿಲ್ಲ. ಮೇಲಿನ ಪಟ್ಟಿ ಹಿಡಿದು ಯಾರಾದರೂ ನನ್ನನ್ನು ಅಳೆದಿದ್ದರೆ ಐದಾರು ಲಕ್ಷಣ ಸಿಗುತ್ತಿದ್ದವು. ನಾನು ರೋಗಿಯಾಗಿರಲಿಲ್ಲ, ಹೆಂಡತಿಯನ್ನು ಕಳೆದುಕೊಂಡವನಾಗಿದ್ದೆ. ಮನುಷ್ಯನ ದುಃಖಕ್ಕೆಲ್ಲ ಕಾಯಿಲೆಯ ಚೀಟಿ ಅಂಟಿಸಿದರೆ ದುಃಖಪಡುವ ಹಕ್ಕನ್ನೇ ಕಿತ್ತುಕೊಂಡಂತೆ ಆಗುವುದಿಲ್ಲವೇ?

ಕುಟುಂಬ ವೈದ್ಯ

ಸರ್, ನೀವು ಎತ್ತಿದ ಪ್ರಶ್ನೆಯನ್ನು ಮನೋವೈದ್ಯರೇ ವರ್ಷಗಟ್ಟಲೆ ಚರ್ಚಿಸಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ ಹಿಂದಿನ ಆವೃತ್ತಿಯಲ್ಲಿ, ಆಪ್ತರು ತೀರಿಕೊಂಡ ಮೊದಲ ಎರಡು ತಿಂಗಳಲ್ಲಿ ಸಾಮಾನ್ಯವಾಗಿ ಖಿನ್ನತೆ ಎಂದು ಬರೆಯಬಾರದು ಎಂಬ ವಿನಾಯಿತಿ ಇತ್ತು. 2013ರ ಆವೃತ್ತಿಯಲ್ಲಿ ಅದನ್ನು ತೆಗೆದರು. ಆಗ ನಿಮ್ಮದೇ ಮಾತಿನಲ್ಲಿ ಬಲವಾದ ವಿರೋಧ ಬಂತು. ತೆಗೆದವರ ವಾದವೂ ಹಗುರವಾದದ್ದಲ್ಲ: ಸಾವಿನ ಮನೆಯಲ್ಲಿ ಇದ್ದಾನೆ ಎಂಬ ಒಂದೇ ಕಾರಣಕ್ಕೆ, ನಿಜಕ್ಕೂ ಕಾಯಿಲೆ ಬಿದ್ದವನಿಗೆ ಚಿಕಿತ್ಸೆ ತಪ್ಪಬಾರದು.

ಎರಡನ್ನೂ ಬೇರ್ಪಡಿಸಲು ನಾನು ನೋಡುವುದು ಇಷ್ಟು. ಶೋಕ ಅಲೆಯಂತೆ ಉಕ್ಕಿ ಇಳಿಯುತ್ತದೆ, ನಡುವೆ ಒಂದು ನೆನಪು ನಗುವನ್ನೂ ತರುತ್ತದೆ. ಶೋಕದಲ್ಲಿರುವವನು ಹೋದವರಿಗಾಗಿ ಹಂಬಲಿಸುತ್ತಾನೆ, ಆದರೆ ತನ್ನ ಮೇಲಿನ ಗೌರವವನ್ನು ಕಳೆದುಕೊಳ್ಳುವುದಿಲ್ಲ. ಖಿನ್ನತೆ ಅಲೆಯಲ್ಲ, ಇಳಿಯದ ಮಂಕು. ಅದು ನೇರ ತನ್ನತನದ ಮೇಲೆಯೇ ಎರಗುತ್ತದೆ: ನಾನು ನಿಷ್ಪ್ರಯೋಜಕ, ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು. ಶೋಕವೇ ಖಿನ್ನತೆಗೆ ತಿರುಗುವುದೂ ಇದೆ, ಎರಡೂ ಒಟ್ಟಿಗೆ ಇರುವುದೂ ಇದೆ. ಅದಕ್ಕೇ ಪಟ್ಟಿ ಸಾಲದು, ಎದುರು ಕುಳಿತು ಮಾತಾಡಬೇಕು.

ಕಿರಿಯವಳು ಅವರೇ, ನಿಮಗೆ ಎರಡು ಮಾತು. ಬೆನ್ನುನೋವು, ತಲೆಭಾರ ಎಂದು ನನ್ನ ಬಳಿ ಬರುವವರಲ್ಲಿ ಎಷ್ಟೋ ಜನರ ಒಳಗೆ ಖಿನ್ನತೆ ಇರುತ್ತದೆ. ಮನಸ್ಸಿಗೆ ಹೀಗಾಗಿದೆ ಎನ್ನಲು ಪದ ಸಿಗದಾಗ ಮೈ ಮಾತಾಡುತ್ತದೆ, ಮತ್ತು ಆ ನೋವು ಸುಳ್ಳಲ್ಲ. ಹಾಗೆಂದು ನೇರ ಖಿನ್ನತೆ ಎಂದು ತೀರ್ಮಾನಿಸಲೂ ಬಾರದು. ಥೈರಾಯ್ಡ್ ಗ್ರಂಥಿ ಮಂದವಾದರೆ, ರಕ್ತಹೀನತೆ ಇದ್ದರೆ, ಬಿ12 ಜೀವಸತ್ವ ಕಡಿಮೆಯಾದರೆ ಹೀಗೆಯೇ ಕಾಣಿಸಬಹುದು. ಸ್ಟೀರಾಯ್ಡ್‌ನಂತಹ ಕೆಲವು ಔಷಧಗಳು, ಮದ್ಯ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಕೂಡ. ಅಷ್ಟು ವೇಗವಾಗಿ ತೂಕ ಇಳಿದಿದ್ದರೆ ದೇಹದ ಪೂರ್ಣ ತಪಾಸಣೆ ಆಗಲೇಬೇಕು.

ಇನ್ನೊಂದು. ಅವರ ಬದುಕಿನಲ್ಲಿ ಎಂದಾದರೂ ಇದಕ್ಕೆ ತದ್ವಿರುದ್ಧವಾದ ಕಾಲ ಬಂದಿತ್ತೇ? ದಿನಗಟ್ಟಲೆ ನಿದ್ದೆ ಬೇಕಾಗದೆ, ಮಾತು ನಿಲ್ಲದೆ, ದೊಡ್ಡ ದೊಡ್ಡ ಯೋಜನೆ ಹಾಕಿ ಕೈಮೀರಿ ಖರ್ಚು ಮಾಡಿದ ಕಾಲ? ಇದ್ದರೆ ವೈದ್ಯರಿಗೆ ಮೊದಲು ಅದನ್ನು ಹೇಳಿ. ಅದು ಬೈಪೋಲಾರ್ ಕಾಯಿಲೆಯ ಇನ್ನೊಂದು ಮುಖವಾಗಿರಬಹುದು. ಅಂಥವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದದ ಕಡೆಗೆ ಹೊರಳುವ ಅಪಾಯವಿದೆ. ಕುಟುಂಬದವರು ನೆನಪಿಸದಿದ್ದರೆ ಈ ವಿಷಯ ಹೊರಗೆ ಬರುವುದೇ ಇಲ್ಲ.

ಹಿರಿಯ ಓದುಗ

ವೈದ್ಯರೇ, ನೀವು ಹೇಳಿದ ಆ ವ್ಯತ್ಯಾಸ ನನಗೆ ತಟ್ಟಿತು. ನನ್ನವಳನ್ನು ನೆನೆದು ನಾನು ನಕ್ಕದ್ದಿದೆ. ನಾನು ಬದುಕಿರಬಾರದು ಎಂದು ಒಂದು ದಿನವೂ ಅನಿಸಲಿಲ್ಲ. ಆ ಹುಡುಗನದು ನನ್ನದಕ್ಕಿಂತ ಬೇರೆ.

ಒಬ್ಬಳೇ ಮಗಳು

ಚರ್ಚೆಯ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ತಾಯಿಗೆ 72 ವರ್ಷ. ಮರೆವು ಶುರುವಾಯಿತು ಎಂದು ನಾವು ಒಂದು ವರ್ಷ ಸುಮ್ಮನಿದ್ದೆವು. ಏನು ಕೇಳಿದರೂ "ಗೊತ್ತಿಲ್ಲ, ನೆನಪಿಲ್ಲ" ಎನ್ನುತ್ತಿದ್ದರು. ಕೊನೆಗೆ ಒಬ್ಬ ವೈದ್ಯೆ ಇದು ಖಿನ್ನತೆ ಎಂದು ಗುರುತಿಸಿದರು. ಚಿಕಿತ್ಸೆಯ ನಂತರ ಅಮ್ಮನ ನೆನಪು ಬಹುಮಟ್ಟಿಗೆ ಮರಳಿತು. ಆ ಒಂದು ವರ್ಷವನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ವಾರ್ಡಿನ ದಾದಿ

ನಿಮ್ಮನ್ನು ದೂರಿಕೊಳ್ಳಬೇಡಿ, ಇದರಲ್ಲಿ ಅನುಭವಿಗಳೂ ಎಡವುತ್ತಾರೆ. ವಯಸ್ಸಾದವರಲ್ಲಿ ಖಿನ್ನತೆ ಮರೆವಿನ ವೇಷದಲ್ಲಿ ಬರುವುದುಂಟು. ಮರೆವಿನ ಕಾಯಿಲೆಯವರು ತಮ್ಮ ತಪ್ಪನ್ನು ಮುಚ್ಚಲು ಏನಾದರೂ ಉತ್ತರ ಹೊಂದಿಸುವುದು ಹೆಚ್ಚು, ಖಿನ್ನರು ಪ್ರಯತ್ನಿಸುವ ಮೊದಲೇ "ಗೊತ್ತಿಲ್ಲ" ಎಂದು ಕೈಚೆಲ್ಲುತ್ತಾರೆ. ಆದರೂ ಎರಡೂ ಒಟ್ಟಿಗಿರಬಹುದು, ಚಿಕಿತ್ಸೆಯ ನಂತರವೂ ಅಮ್ಮನ ನೆನಪಿನ ಮೇಲೆ ಕಣ್ಣಿರಲಿ. ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ದುಃಖದ ಬದಲು ಸಿಡುಕು ಕಾಣಬಹುದು. ಅನೇಕ ಗಂಡಸರಲ್ಲಿ ಸಿಟ್ಟು, ಕುಡಿತ. ಹೆರಿಗೆಯಾದ ಮೊದಲ ಎರಡು ವಾರದ ಅಳು, ಭಾವೋದ್ವೇಗ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಅಲ್ಲಿಂದ ಮುಂದಕ್ಕೂ ಎಳೆದರೆ ಬಾಣಂತಿಯನ್ನು ವೈದ್ಯರಿಗೆ ತೋರಿಸಬೇಕು.

ಅರೆನಿದ್ರೆ

ನನಗೆ ಖಿನ್ನತೆಗೆಂದು ಎಸಿಟಲೋಪ್ರಾಮ್ ಎಂಬ ಮಾತ್ರೆ ಬರೆದುಕೊಟ್ಟಿದ್ದಾರೆ. ಹನ್ನೆರಡು ದಿನದಿಂದ ಮಾತ್ರೆ ಮೇಜಿನ ಖಾನೆಯಲ್ಲೇ ಇದೆ. ಒಮ್ಮೆ ಶುರು ಮಾಡಿದರೆ ಬಿಡಲಾಗುವುದಿಲ್ಲ ಎಂಬ ಭಯ. ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗಿ ಖಿನ್ನತೆ ಬರುತ್ತದೆ ಎಂಬುದೇ ಸುಳ್ಳು ಎಂದು ಓದಿದ ಮೇಲೆ ನಂಬಿಕೆಯೂ ಹೋಯಿತು. ತಿಳಿದವರು ಹೇಳಿ.

ಕುಟುಂಬ ವೈದ್ಯ

ನೀವು ಓದಿದ್ದರಲ್ಲಿ ತಿರುಳಿದೆ. ಸಿರೊಟೋನಿನ್ ಕೊರತೆಯೇ ಖಿನ್ನತೆಯ ಕಾರಣ ಎನ್ನಲು ಸ್ಥಿರವಾದ ಪುರಾವೆ ಇಲ್ಲ ಎಂದು 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆ ಹೇಳಿತು. ಮಿದುಳಿನಲ್ಲಿ ಯಾವುದೋ ಒಂದು ರಾಸಾಯನಿಕ ಇಳಿದಿದೆ, ಅದನ್ನು ತುಂಬಿಸುತ್ತೇವೆ ಎಂದು ನಾವು ವೈದ್ಯರು ರೋಗಿಗಳಿಗೆ ಹೇಳುತ್ತ ಬಂದದ್ದು ಅತಿ ಸರಳ ಮಾಡಿದ ಕಥೆ. ನಾನೂ ಹೇಳಿದ್ದೇನೆ, ಈಗ ಹೇಳುವುದಿಲ್ಲ. ಆದರೆ ಕಾಯಿಲೆಯ ಕಾರಣದ ವಿವರಣೆ ಬೇರೆ, ಮಾತ್ರೆ ಕೆಲಸ ಮಾಡುತ್ತದೆಯೇ ಎಂಬುದು ಬೇರೆ. ಖಿನ್ನತೆಯ ಮೊದಲ ಔಷಧಗಳೇ ಆಕಸ್ಮಿಕವಾಗಿ ಸಿಕ್ಕಿದ್ದು. 1950ರ ದಶಕದ ಆರಂಭದಲ್ಲಿ ಕ್ಷಯಕ್ಕೆಂದು ಕೊಟ್ಟ ಇಪ್ರೋನಿಯಾಜಿಡ್ ಎಂಬ ಔಷಧದಿಂದ ರೋಗಿಗಳಲ್ಲಿ ಲವಲವಿಕೆ ಮೂಡಿದ್ದು ಕಂಡು ಹುಡುಕಾಟ ಶುರುವಾಯಿತು. ಔಷಧವೇ ಇಲ್ಲದ ಖಾಲಿ ಮಾತ್ರೆಯೊಂದಿಗೆ ಹೋಲಿಸಿ ಪರೀಕ್ಷಿಸಿದಾಗ ಇಂದಿನ ಮಾತ್ರೆಗಳು ಸರಾಸರಿಯಲ್ಲಿ ಮೇಲುಗೈ ತೋರಿಸಿವೆ. ಆ ಅಂತರ ಬಹಳ ದೊಡ್ಡದಲ್ಲ. ಒಬ್ಬರಿಗೆ ಬದುಕನ್ನೇ ಮರಳಿ ಕೊಡುತ್ತವೆ, ಇನ್ನೊಬ್ಬರಿಗೆ ತಾಗುವುದೇ ಇಲ್ಲ, ಬೇರೆ ಔಷಧ ಹುಡುಕಬೇಕಾಗುತ್ತದೆ.

ಫಲ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ತಿಳಿಯಲು ಆರರಿಂದ ಎಂಟು ವಾರ ಬೇಕು. ಓಕರಿಕೆ, ತಲೆನೋವು, ನಿದ್ದೆಯ ಏರುಪೇರು ಮಾತ್ರ ಮೊದಲ ವಾರವೇ ಬರಬಹುದು. ಹಾಗಾಗಿ ಕೆಟ್ಟದ್ದು ಮೊದಲು, ಒಳ್ಳೆಯದು ಆಮೇಲೆ. ಲೈಂಗಿಕ ಆಸಕ್ತಿ ಕುಗ್ಗುವುದೂ ಉಂಟು, ನಾಚದೆ ಹೇಳಿ. 25ರೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚುವ ಸಾಧ್ಯತೆ ಇರುವುದರಿಂದ ಮನೆಯವರು ಹತ್ತಿರದಿಂದ ಗಮನಿಸಬೇಕು.

ಮದ್ಯ, ಅಫೀಮಿನ ಹಾಗೆ ಹಂಬಲ ಹುಟ್ಟಿಸುವ ಚಟ ಇದಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ದೇಹ ಪ್ರತಿಭಟಿಸುತ್ತದೆ.

ಮರಳಿ ಬಂದವನು

ಹೌದು. ಮೊದಲ ಸಲ ಮೂರು ತಿಂಗಳಿಗೆ ಹುಷಾರಾದೆನೆಂದು ಒಂದೇ ದಿನ ಬಿಟ್ಟುಬಿಟ್ಟೆ. ತಲೆ ತಿರುಗಿತು, ತಲೆಯೊಳಗೆ ವಿದ್ಯುತ್ ಹರಿದಂತೆ ಚುಳುಕು. ಕೆಲವು ತಿಂಗಳಲ್ಲಿ ಕಾಯಿಲೆಯೂ ಮರಳಿತು. ಎರಡನೆಯ ಸಲ ಗುಣವಾದ ಮೇಲೂ ಒಂಬತ್ತು ತಿಂಗಳು ತೆಗೆದುಕೊಂಡು, ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಿದೆ. ಏನೂ ಆಗಲಿಲ್ಲ.

ಜೊತೆಗೆ ಮಾತಿನ ಚಿಕಿತ್ಸೆಯೂ ಇತ್ತು. ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆ ಎಂದು ನಾನು ಕಾಯುತ್ತಿದ್ದೆ. ಆಪ್ತಸಮಾಲೋಚಕಿ ಅದನ್ನು ತಿರುಗಿಸಿದರು. ಮೊದಲು ಚಿಕ್ಕದೊಂದನ್ನು ಮಾಡಿ, ಮನಸ್ಸು ಹಿಂದೆ ಬರಲಿ. ಮೊದಲ ವಾರದ ಕೆಲಸ ಬೀದಿಯ ತುದಿಯವರೆಗೆ ನಡೆದು ಬರುವುದು. ಅದೂ ಏಳರಲ್ಲಿ ಮೂರು ದಿನ ಮಾತ್ರ ಆಯಿತು. ಮೂರು ದಿನ ಆಯಿತಲ್ಲ ಎಂದರು ಅವರು.

ಕಿರಿಯವಳು

ಈಗ ರಾತ್ರಿ ಹನ್ನೊಂದು. ಅಣ್ಣನ ಮನೆಯಲ್ಲಿದ್ದೇನೆ. ಕೈ ನಡುಗುತ್ತಿದೆ, ತಪ್ಪಿದ್ದರೆ ಮನ್ನಿಸಿ.

ಇವತ್ತು ಒಬ್ಬನೇ ಸಿಕ್ಕಾಗ ಕೇಳಿದೆ. "ಅಣ್ಣಾ, ನಿನಗೆ ಬೇಜಾರೇ" ಎನ್ನಲಿಲ್ಲ. "ಆ ರೇಡಿಯೊ ಯಾಕೆ ಹಾಗೆ ಬಿಟ್ಟಿದ್ದೀಯ" ಎಂದೆ. ಬಹಳ ಹೊತ್ತು ಸುಮ್ಮನಿದ್ದು "ಅದನ್ನು ಕಂಡರೆ ನನಗೆ ಏನೂ ಅನಿಸುವುದಿಲ್ಲ ಕಣೇ, ಅದೇ ಹೆದರಿಕೆ" ಎಂದ. ಆಮೇಲೆ, ರಾತ್ರಿ ಮಲಗಿದವನು ಬೆಳಿಗ್ಗೆ ಏಳದಿದ್ದರೆ ಒಳ್ಳೆಯದಿತ್ತು ಎಂದು ಅನಿಸುತ್ತದೆ ಎಂದ. ನಾನು ಏನೂ ಹೇಳಲಾರದೆ ಅವನ ಕೈ ಹಿಡಿದುಕೊಂಡೆ. ಮುಂದೆ ಕೇಳಲು ಭಯ. ಕೇಳಿದರೆ ಆ ಯೋಚನೆಯನ್ನು ನಾನೇ ಅವನ ತಲೆಗೆ ಹಾಕಿದಂತೆ ಆಗುವುದೇ?

ವಾರ್ಡಿನ ದಾದಿ

ಆಗುವುದಿಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದೂ ಇಲ್ಲ, ಹೆಚ್ಚುವುದೂ ಇಲ್ಲ. ಬಹುತೇಕರಿಗೆ ಕೊನೆಗೂ ಯಾರೋ ಕೇಳಿದರಲ್ಲ ಎಂದು ಭಾರ ಇಳಿಯುತ್ತದೆ. ಈಗಲೇ ಹೋಗಿ, ಸುತ್ತು ಬಳಸದೆ ಕೇಳಿ: "ಸಾಯಬೇಕು ಅನಿಸುತ್ತದೆಯೇ? ಹೇಗೆ ಎಂದು ಯೋಚಿಸಿದ್ದೀಯಾ? ಇವತ್ತು ಅನಿಸುತ್ತಿದೆಯೇ?" ಉತ್ತರ ಏನೇ ಬರಲಿ, ಬೈಯಬೇಡಿ, ಮಕ್ಕಳ ಮೇಲೆ ಆಣೆ ಹಾಕಿಸಬೇಡಿ, ವಾದಿಸಬೇಡಿ. ಯೋಚನೆಗೆ ಒಂದು ದಾರಿ, ಒಂದು ಸಮಯ ಇದೆ ಎಂದರೆ ಈ ರಾತ್ರಿಯೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಇಲ್ಲ ಎಂದರೂ ಒಬ್ಬನನ್ನೇ ಬಿಡಬೇಡಿ, ಹಾನಿಗೆ ಬಳಸಬಹುದಾದದ್ದನ್ನೆಲ್ಲ ಕೈಗೆಟುಕದಂತೆ ದೂರ ಇಡಿ. ಗುಟ್ಟಾಗಿಡುತ್ತೇನೆ ಎಂದು ಮಾತು ಕೊಡಬೇಡಿ, ಅತ್ತಿಗೆಗೆ ತಿಳಿಯಲೇಬೇಕು. ಬೆಳಿಗ್ಗೆ ಮನೋವೈದ್ಯರ ಬಳಿ ನೀವೇ ಜೊತೆಯಲ್ಲಿ ಹೋಗಿ. ಅವನು ತಾನಾಗಿ ಸಮಯ ಗೊತ್ತು ಮಾಡಿಕೊಂಡು ಹೋಗಲಿ ಎಂದು ಕಾಯಬೇಡಿ. ಆ ಶಕ್ತಿಯನ್ನೇ ಕಾಯಿಲೆ ಕಸಿದಿರುತ್ತದೆ.

ಕೇಳಿ ಬಂದು ಇಲ್ಲಿ ಒಂದು ಸಾಲು ಬರೆಯಿರಿ. ನಾನು ಎಚ್ಚರವಾಗಿರುತ್ತೇನೆ.

ಕಿರಿಯವಳು

ಕೇಳಿದೆ. ಹೇಗೆ ಎಂಬುದೇನೂ ಇಲ್ಲ, ಇವತ್ತು ಅಂಥದ್ದೇನೂ ಮಾಡಿಕೊಳ್ಳುವುದಿಲ್ಲ ಎಂದ. ಅತ್ತ. ಇಷ್ಟು ದಿನಕ್ಕೆ ಮೊದಲ ಸಲ. ಅತ್ತಿಗೆ ಪಕ್ಕದಲ್ಲಿದ್ದಾರೆ. ಈ ರಾತ್ರಿ ನಾವಿಬ್ಬರೂ ಸರದಿಯ ಮೇಲೆ ಎದ್ದಿರುತ್ತೇವೆ, ಬೆಳಿಗ್ಗೆ ಹೊರಡುತ್ತೇವೆ.

ಹಿರಿಯ ಓದುಗ

ತಾಯಿ, ನಿಮ್ಮ ತಂದೆಯವರ ಜೊತೆ ಯಾರಾದರೂ ವಯಸ್ಸಾದವರು ಮಾತಾಡಬೇಕು ಅನಿಸಿದರೆ ನನಗೆ ಹೇಳಿ. ಸೋಮಾರಿತನ ಎಂಬ ಮಾತನ್ನು ಮೊನ್ನೆಯವರೆಗೆ ನಾನೂ ಆಡುತ್ತಿದ್ದೆ.

ಕಿರಿಯವಳು (ಒಂಬತ್ತು ವಾರಗಳ ನಂತರ)

ಅಂದು ಜೊತೆಗಿದ್ದವರಿಗೆಲ್ಲ ವರದಿ ಒಪ್ಪಿಸಬೇಕು ಅನಿಸಿತು.

ಮರುದಿನವೇ ಮನೋವೈದ್ಯರು ನೋಡಿದರು. ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟು ತುಂಬಿಸಿದರು, 27ಕ್ಕೆ 21 ಬಂತು. 20 ಅಥವಾ ಹೆಚ್ಚು ಬಂದರೆ ತೀವ್ರ ಎಂದರು. ಆದರೆ ಅಂಕ ನೋಡಿ ತೀರ್ಮಾನಿಸಲಿಲ್ಲ, ಒಂದು ಗಂಟೆ ಮಾತಾಡಿದರು. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಇತ್ತು, ಅದಕ್ಕೂ ಔಷಧ ಕೊಟ್ಟರು, ಆದರೆ ಅದೊಂದರಿಂದ ಇಷ್ಟೆಲ್ಲ ಆಗಿಲ್ಲ ಎಂದರು. ಉನ್ಮಾದದ ಕಾಲ ಎಂದೂ ಇರಲಿಲ್ಲ.

ಮೊದಲ ಮೂರು ವಾರ ನಮಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಅಣ್ಣನಂತೂ ಮಾತ್ರೆ ಬೇಡ ಎಂದು ಎರಡು ಸಲ ಹಟ ಮಾಡಿದ. ನಾಲ್ಕನೆಯ ವಾರ ನಿದ್ದೆ ಬೆಳಗಿನ ಐದು ಗಂಟೆಯವರೆಗೆ ಬಂತು. ಬೆಳಗುಗಳು ಈಗಲೂ ಕಷ್ಟ. ಚೈತನ್ಯ ಮರಳುವ ಈ ಹೊತ್ತಿನಲ್ಲೇ ಹೆಚ್ಚು ಜಾಗ್ರತೆ ಬೇಕು, ಯೋಚನೆ ಉಳಿದು ಶಕ್ತಿ ಮಾತ್ರ ಮೊದಲು ಬರಬಹುದು ಎಂದು ವೈದ್ಯರು ಎಚ್ಚರಿಸಿದ್ದರಿಂದ ನಾವಿನ್ನೂ ಒಬ್ಬನನ್ನೇ ಬಿಡುತ್ತಿಲ್ಲ. ಅಪ್ಪ ಸೋಮಾರಿ ಎನ್ನುವುದನ್ನು ಬಿಟ್ಟಿದ್ದಾರೆ, ಏನು ಮಾತಾಡಬೇಕೆಂದು ತಿಳಿಯದೆ ಸುಮ್ಮನೆ ಅವನ ಪಕ್ಕದಲ್ಲಿ ಕೂತು ಪತ್ರಿಕೆ ಓದುತ್ತಾರೆ.

ನಿನ್ನೆ ಸಂಜೆ ಮೇಜಿನ ಮುಂದೆ ಕುಳಿತಿದ್ದ. ದೀಪ ಹಾಕಿ, ಮುಚ್ಚಳದಲ್ಲಿದ್ದ ತಿರುಪುಗಳನ್ನು ಎಣಿಸಿ, ಒಂದು ಕಡಿಮೆ ಇದೆ, ಯಾರು ಮುಟ್ಟಿದರು ಎಂದು ನನ್ನ ಮೇಲೆ ರೇಗಿದ. ಇಬ್ಬರೂ ನೆಲಕ್ಕೆ ಬಗ್ಗಿ ಮೇಜಿನ ಕೆಳಗೆಲ್ಲ ತಡಕಿದೆವು. ಸಿಗಲಿಲ್ಲ. ಕತ್ತಲಾಗಿದೆ, ನಾಳೆ ಬೆಳಕಿನಲ್ಲಿ ನೋಡೋಣ ಬಿಡು ಎಂದ.